ಮರವಂತೆಯ ಪುಸ್ತಕ ಅಚ್ಚಾದ ಮಳೆಗಾಲ

ಮೊನ್ನೆ ಮಧ್ಯಾಹ್ನ ಮೈಸೂರಿನ ಕೆಸರೆಯ ನಮ್ಮ ಪ್ರೆಸ್ಸಿನಲ್ಲಿ ಆರ್ಟ್ ಪೇಪರಿನ ಹೊಸ ಬಂಡಲ್ ಬಿಚ್ಚಿದೆ. ಗಾಡಿಯಿಂದ ಇಳಿಸುವಾಗ ಮಳೆ ಹಿಡಿದಿತ್ತು, ಮೇಲಿನ ಹಾಳೆಗಳು ಅಂಚಿನಲ್ಲಿ ಸೊಟ್ಟಗೆ ಎದ್ದಿದ್ದವು. ಬಿಚ್ಚಿದ ಕೂಡಲೇ ನೆಂದ ಕಾಗದ, ಸೀಮೆಎಣ್ಣೆ, ಒಣಗದ ಇಂಕು ಮೂರೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಬಂಡಲ್ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಎಷ್ಟೋ ಮಳೆಗಾಲ ಆ ಶೆಡ್ಡಿನಲ್ಲಿ ಕಳೆದಿದ್ದೇನೆ, ಆದರೆ ಆ ವಾಸನೆ ನನ್ನನ್ನು ಕರೆದುಕೊಂಡು ಹೋಗುವುದು ಒಂದೇ ಮಳೆಗಾಲಕ್ಕೆ. ರೇವತಿ ಮೇಡಂ ಮರವಂತೆಯ ಚಿತ್ರಗಳನ್ನು ಹಿಡಿದುಕೊಂಡು ಬಂದ ವರ್ಷಕ್ಕೆ. ನೆನೆಸಿಕೊಂಡರೆ ಈಗಲೂ ಕತ್ತು ನೋಯಲು ಶುರುವಾಗುತ್ತದೆ.

ನಮ್ಮದು ಇಬ್ಬರ ಪ್ರೆಸ್ಸು. ನನ್ನ ಗಂಡ ಸಿದ್ದರಾಜು ಹದಿಹರೆಯದಲ್ಲೇ ಯಾರದೋ ಪ್ರೆಸ್ಸಿಗೆ ಸೇರಿ, ಇಂಕಿನ ಡಬ್ಬಿ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಮನೆ ಪಕ್ಕದ ಜಾಗದಲ್ಲಿ ತಗಡಿನ ಶೆಡ್ಡು ಹಾಕಿ ಒಂದು ಸಲಕ್ಕೆ ಎರಡೇ ಬಣ್ಣ ಅಚ್ಚಾಗುವ ಹಳೆಯ ಮಷೀನು ತಂದು ನಿಲ್ಲಿಸಿದವರು. ನಾನು ಪುಟ ವಿನ್ಯಾಸ ಮಾಡುವವಳು. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಕೋಣೆ, ಒಂದು ಕಂಪ್ಯೂಟರು. ಮದುವೆ ಕಾರ್ಡು, ಅಂಗಡಿಗಳ ರಿಯಾಯಿತಿ ಕರಪತ್ರ, ಮಕ್ಕಳ ಗೈಡುಗಳು ಎಲ್ಲ ಅಲ್ಲಿ ತಯಾರಾಗಿ, ಹೆಬ್ಬಾಳದಲ್ಲಿ ಅಚ್ಚಿನ ತಗಡಿನ ಪ್ಲೇಟು ಆಗಿ, ಕೆಸರೆಯಲ್ಲಿ ಅಚ್ಚಾಗುತ್ತಿದ್ದವು. ಈ ಮೂರು ಜಾಗದ ನಡುವೆ ಓಡಾಡುವ ಕೆಲಸ ಮೊದಲೆಲ್ಲ ಸಿದ್ದರಾಜು ಅವರದಾಗಿತ್ತು. ಆ ವರ್ಷ ಅವರು ಬೈಕು ಮುಟ್ಟುವುದು ಕಮ್ಮಿಯಾಗಿತ್ತು. ಕೇಳಿದರೆ "ಸೊಂಟ ಹಿಡ್ಕತದೆ ಕಣೆ, ನೀನೇ ಹೋಗ್ಬುಟ್ಟು ಬಾ" ಅನ್ನುತ್ತಿದ್ದರು. ಹಾಗಾಗಿ ಸಂಜೆ ಹೆಬ್ಬಾಳದಲ್ಲಿ ಫ್ಯಾಕ್ಟರಿ ಶಿಫ್ಟು ಬಿಡುವ ಹೊತ್ತಿಗೆ ಬಸ್ಸುಗಳ ಹೊಗೆಯ ಹಿಂದೆ, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಪ್ಲೇಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟುಕೊಂಡು ಬರುವುದು ನನ್ನ ಪಾಲಿಗೆ ಬಂತು.

ರೇವತಿ ಮೇಡಂ ಬಂದದ್ದು ಆಷಾಢ ಶುರುವಾದಾಗ. ಬೆಟ್ಟದ ಕಡೆ ಹೋಗುವ ಜನ ಬಸ್ಸುಗಳಲ್ಲಿ ತುಂಬಿ ತುಳುಕುತ್ತಿದ್ದ ಒಂದು ಶುಕ್ರವಾರ ಛತ್ರಿ ಮಡಚಿಕೊಂಡು ನನ್ನ ಮಹಡಿ ಹತ್ತಿದರು. ಐವತ್ತರ ಆಸುಪಾಸಿನ ಹೆಂಗಸು. ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ಕೆಲವು ವರ್ಷ ಕುಂದಾಪುರದ ಕಡೆ ಕೆಲಸ ಮಾಡಿ, ಆಗಷ್ಟೇ ಮೈಸೂರಿಗೆ ವರ್ಗವಾಗಿ ಬಂದಿದ್ದರು. ಒಂದು ಪೆನ್‌ಡ್ರೈವು ಮೇಜಿನ ಮೇಲಿಟ್ಟು, "ಇದ್ರಲ್ಲಿ ಮರವಂತೆ ಇದೆ. ಒಂದು ಚಿಕ್ಕ ಪುಸ್ತಕ ಮಾಡಿಕೊಡ್ತೀರಾ?" ಅಂದರು.

ಚಿತ್ರಗಳನ್ನು ತೆರೆದು ನೋಡಿದೆ. ನಾನು ಮರವಂತೆ ಅಂದರೆ ಕ್ಯಾಲೆಂಡರಿನಲ್ಲಿ ಕಂಡ ಜಾಗ ಅಂದುಕೊಂಡಿದ್ದೆ: ನಡುವೆ ಹೆದ್ದಾರಿ, ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ನೀಲಿ ಕಡಲು. ಮೇಡಂ ತೆಗೆದಿದ್ದೆಲ್ಲ ಮಳೆಗಾಲದ ಚಿತ್ರಗಳು. ದಡಕ್ಕೆ ಸುರಿದ ಕರಿ ಬಂಡೆಗಳ ಮೇಲೆ ಅಲೆ ಒಡೆದು ರಸ್ತೆಗೇ ಹಾರುತ್ತಿತ್ತು. ಮೀನಿಗೆ ಹೋಗದ ದೋಣಿಗಳು ತೆಂಗಿನ ಗರಿ ಹೊದ್ದು ಮಲಗಿದ್ದವು. ಜಗುಲಿಯಲ್ಲಿ ಕೂತು ಬಲೆ ಹೆಣೆಯುವ ಗಂಡಸರು, ಛತ್ರಿ ಉಲ್ಟಾ ಆಗಿ ನಗುತ್ತಿರುವ ಶಾಲೆ ಹುಡುಗಿಯರು. ಎಲ್ಲದರ ಹಿಂದೆಯೂ ಆ ಕಡಲು. ಮಣ್ಣು ಬೆರೆತ ಬೂದು, ಎಲ್ಲೋ ಒಳಗೊಳಗೆ ಹಸಿರು.

ನಾನು ಮೊದಲ ದಿನವೇ ಉತ್ಸಾಹದಲ್ಲಿ ಒಂದು ನೀಲಿ ಮುಖಪುಟ ಮಾಡಿ ತೋರಿಸಿದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಸುಜಾತಾ ಅವ್ರೇ, ಕುಂದಾಪುರದ ನಮ್ಮ ಹಾಸ್ಟೆಲಿನ ಊಟದ ಹಾಲಲ್ಲಿ ಒಂದು ಕ್ಯಾಲೆಂಡರ್ ಇತ್ತು. ಮರವಂತೆದೇ ಫೋಟೋ. ಕಡಲು ಹೀಗೇ, ನೀಲಿ ಅಂದ್ರೆ ನೀಲಿ. ನಮ್ಮ ಹುಡುಗಿಯರು ಅರ್ಧಕ್ಕರ್ಧ ಮೀನುಗಾರರ ಮನೆಯವ್ರು. ಊಟಕ್ಕೆ ಕೂತಾಗೆಲ್ಲ ಅದನ್ನ ನೋಡಿ ನಗೋವ್ರು. 'ಇದ್ ನಮ್ ಕಡ್ಲ್ ಅಲ್ಲ ಮೇಡಂ' ಅನ್ನೋವ್ರು. ಹಾಗಾದ್ರೆ ನಿಮ್ಮ ಕಡಲು ಯಾವ್ದು ತೋರ್ಸಿ ಅಂತ ಅವ್ರ ಜೊತೆ ಹೋಗಿ ಹೋಗಿ ತೆಗೆದ ಫೋಟೋ ಇವು. ಬರುವಾಗ, ಪುಸ್ತಕ ಮಾಡಿ ತಂದುಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಹತ್ತನೇ ಕ್ಲಾಸಿನವ್ರು ಈ ವರ್ಷ ಹಾಸ್ಟೆಲ್ ಬಿಟ್ಟು ಹೋಗ್ತಾರೆ. ದಸರಾ ರಜಕ್ಕೆ ಮುಂಚೆ ಕೈಗೆ ಸಿಕ್ರೆ ನಾನೇ ತಗೊಂಡು ಹೋಗ್ತೀನಿ."

ಮಾರಾಟಕ್ಕಲ್ಲ, ಬಿಡುಗಡೆ ಸಮಾರಂಭವಿಲ್ಲ, ಮುನ್ನುಡಿ ಬರೆಯುವ ದೊಡ್ಡ ಮನುಷ್ಯರಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಡ್ಡ ಆಕಾರದ ಪುಸ್ತಕ. ಪುಟಕ್ಕೊಂದು ಚಿತ್ರ, ಕೆಳಗೆ ಹುಡುಗಿಯರೇ ಹೇಳಿದ ಒಂದೊಂದು ಸಾಲು. ಸುಲಭದ ಕೆಲಸ ಅನ್ನಿಸಿತು. ದಸರಾಕ್ಕೆ ಇನ್ನೂ ಬೇಕಾದಷ್ಟು ಸಮಯವಿತ್ತು.

ಪುಟಗಳ ಜೋಡಣೆಯನ್ನು ಮೇಡಂಗೆ ಕಪ್ಪು ಬಿಳುಪಿನ ಪ್ರಿಂಟಿನಲ್ಲೇ ತೋರಿಸಿದೆ. ಹೊಸ ಹಾಸ್ಟೆಲಿನಲ್ಲಿ ಪ್ರವೇಶದ ಗಲಾಟೆ, ಅವರಿಗೆ ಬಿಡುವಿರಲಿಲ್ಲ. "ಬಣ್ಣ ಪ್ರೆಸ್ಸಿಗೆ ಬಂದೇ ನೋಡ್ತೀನಿ. ಅಷ್ಟರಮಟ್ಟಿಗೆ ನಿಮ್ಮನ್ನ ನಂಬಿದೀನಿ" ಎಂದರು.

ಬಣ್ಣದ ವಿಷಯ ಬಂದರೆ ನಮ್ಮಲ್ಲಿ ಕೊನೆಯ ಮಾತು ಸಿದ್ದರಾಜು ಅವರದು. ಮದುವೆಯಾಗಿ ಬಂದಾಗ ನನಗೆ ಬಣ್ಣ ಅಂದರೆ ಸೀರೆಯದು ಅಷ್ಟೆ. ಮುಖದ ಬಣ್ಣದಲ್ಲಿ ಎಷ್ಟು ಕೆಂಪಿರಬೇಕು, ಎಲೆಯ ಹಸಿರು ಕಾಗದದ ಮೇಲೆ ಯಾಕೆ ಸಾಯುತ್ತದೆ, ಬಿಳಿ ಎನ್ನುವುದರಲ್ಲೂ ಎಷ್ಟು ಬಗೆ ಎಂದು ಹಾಳೆ ಹಿಡಿದು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ಕಲಿಸಿದವರು ಅವರು. ಒಂದು ಭಾನುವಾರ ಮಹಡಿಗೆ ಬಂದು ಮೇಡಂ ಚಿತ್ರಗಳನ್ನು ನೋಡಿದರು.

"ಏನೇ ಇದು, ಎಲ್ಲಾ ಹಳದಿ ಹೊಡೀತಾ ಅದಲ್ಲ."

"ಮಳೆಗಾಲದ ನೀರು ಕಣ್ರೀ. ಮಣ್ಣು ಬೆರ್ತಿದೆ."

"ಮಣ್ಣಿದ್ರೂ ಇಷ್ಟೊಂದಾ? ಆಕಾಶನೂ ಹಳದಿ ಅದೆ ನೋಡು. ಕ್ಯಾಮ್ರಾದೇ ದೋಷ ಅದು. ನೀಲಿ ಸ್ವಲ್ಪ ಏರ್ಸು."

ಏರಿಸಿದೆ. ಮೇಡಂ ಹೇಳಿದ ಕ್ಯಾಲೆಂಡರಿನ ಕತೆ ಹೇಳಿದರೂ, ಕ್ಯಾಮ್ರಾದ ದೋಷ ತೆಗೀತಿದೀವಿ ಅಷ್ಟೆ, ಇನ್ನೂ ಸ್ವಲ್ಪ ಅಂದರು. ಅದನ್ನೂ ಮಾಡಿದೆ. ಮರುವಾರ ಬಂದು ಮತ್ತೆ ನೋಡಿ, ಇನ್ನೂ ಮಂಕಾಗೇ ಇದೆ ಅಂದರು. ನನ್ನ ಕಣ್ಣಿಗೆ ಹೆಚ್ಚಾಯಿತು ಅನ್ನಿಸಿತ್ತು. ಆದರೆ ದಿನವಿಡೀ ಅದೇ ಚಿತ್ರಗಳನ್ನು ನೋಡುತ್ತ ಕೂತರೆ ಕಣ್ಣು ಒಗ್ಗಿಹೋಗುತ್ತದೆ. ಎರಡು ವಾರ ಕಳೆಯುವುದರೊಳಗೆ ಮರವಂತೆ ಮೊದಲು ಹೇಗಿತ್ತು ಎಂಬುದೇ ನನಗೆ ಮರೆತುಹೋಯಿತು.

ಆ ಮಳೆಗಾಲ ಮೈಸೂರಿನಲ್ಲಿ ಜೋರು ಮಳೆ ಬೀಳಲಿಲ್ಲ, ಬಿಡಲೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಜಿಟಿಜಿಟಿ. ಶೆಡ್ಡಿನ ಗೋಡೆಯೆಲ್ಲ ಬೆವರುತ್ತಿತ್ತು. ನಮ್ಮ ಮಷೀನಿನಲ್ಲಿ ನಾಲ್ಕು ಬಣ್ಣ ಕೂರಬೇಕಾದರೆ ಒಂದೊಂದು ಹಾಳೆಯೂ ಎರಡು ಸಲ ಒಳಗೆ ಹೋಗಿಬರಬೇಕು. ಮೊದಲ ಸಲ ಹೋಗಿಬಂದ ಹಾಳೆ ತೇವಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತಿತ್ತು. ಎರಡನೇ ಸಲಕ್ಕೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದೆ ದೋಣಿಗೆ ಎರಡು ಅಂಚು, ಹುಡುಗಿಗೆ ಎರಡು ಮೂಗು. ಹಾಳೆಗಳನ್ನು ಎತ್ತಿ ಪಕ್ಕಕ್ಕಿಡುವುದು, ಮೂಲೆಯಲ್ಲಿ ಬಲ್ಬು ಉರಿಸಿ ಕಾಗದ ಬೆಚ್ಚಗಿಡುವುದು, ಮತ್ತೆ ಓಡಿಸುವುದು. ಮನೆಗೆ ಹೋಗಿ ಅನ್ನಕ್ಕಿಡುವಾಗ ಕೈಯೆತ್ತಲು ಆಗುತ್ತಿರಲಿಲ್ಲ. ಸಿದ್ದರಾಜು ಊಟ ಮಾಡುತ್ತ ಕೂತಲ್ಲೇ ತೂಕಡಿಸುತ್ತಿದ್ದರು. ನಾವಿಬ್ಬರೂ ಆಗ ಜಗಳವಾಡಿದ್ದು ನೆನಪಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ.

ದೊಡ್ಡ ಹಾಳೆಯೊಂದರ ಮೇಲೆ ಎಂಟೆಂಟು ಪುಟ ಕೂರುತ್ತವೆ, ಅದಕ್ಕೆ ಫಾರಂ ಅನ್ನುತ್ತೇವೆ. ಭಾದ್ರಪದದ ಹೊತ್ತಿಗೆ ಎರಡು ಫಾರಂ ಮುಗಿಯಿತು. ಅಚ್ಚಾದ ಹಾಳೆಯನ್ನು ಬಾಗಿಲಿಗೆ ಹಿಡಿದಾಗ ನನಗೂ ಅಳುಕಾಯಿತು.

"ರೀ, ನೀಲಿ ಜಾಸ್ತಿ ಆಗಿಲ್ವಾ?"

"ಒಣಗ್ಲಿ ಇರು. ಒಣಗಿದ್ಮೇಲೆ ಇಳೀತದೆ."

ಒಣಗಿತು, ಇಳಿಯಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಮೇಡಂ ಒಂದು ಶನಿವಾರ ಬಸ್ಸಿನಲ್ಲಿ ಕೆಸರೆಗೆ ಬಂದರು. ಶೆಡ್ಡಿನ ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೆ ಕೈಮುಗಿದು, ಸೆರಗಿನಿಂದ ತಲೆ ಒರೆಸಿಕೊಂಡು, ನಾನು ಕೊಟ್ಟ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದರು. ನೋಡಿದರು. ತಿರುಗಿಸಿದರು. ಅವರ ಮುಖ ಇಳಿದುಹೋಯಿತು.

"ಇದು ಎಲ್ಲಿದು?" ಅಂದರು.

"ನಿಮ್ದೇ ಮೇಡಂ. ಮರವಂತೆ" ಎಂದರು ಸಿದ್ದರಾಜು. "ಸ್ವಲ್ಪ ಮಂಕಾಗಿತ್ತು, ಎತ್ತಿದೀವಿ."

"ಇದು ಆ ಕ್ಯಾಲೆಂಡರಿಂದು" ಅಂದರು ಮೇಡಂ ಮೆಲ್ಲಗೆ. "ಅದೇ ಬಣ್ಣ. ಇದನ್ನ ತಗೊಂಡು ಹೋಗಿ ಆ ಮಕ್ಕಳಿಗೆ ಹೇಗೆ ಕೊಡ್ಲಿ ನಾನು?"

"ಮೇಡಂ, ನಿಮ್ಮ ಮೊಬೈಲಲ್ಲಿ ನೋಡೋದೇ ಬೇರೆ, ಪೇಪರಲ್ಲಿ ಕಾಣೋದೇ ಬೇರೆ. ನಾನು ಈ ಕಸುಬಲ್ಲಿ ಕೂದ್ಲು ಬೆಳ್ಳಗೆ ಮಾಡ್ಕಂಡವ್ನು."

ಮೇಡಂ ಹಾಳೆಯನ್ನು ಮಡಚದೆ ಹಾಗೇ ಮೇಜಿನ ಮೇಲಿಟ್ಟು, ಛತ್ರಿ ತೆಗೆದುಕೊಂಡು ಹೊರಟುಹೋದರು. ಸಂಜೆ ಫೋನು ಬಂತು. "ಸುಜಾತಾ, ಸೋಮವಾರ ಬರ್ತೀನಿ. ಪೆನ್‌ಡ್ರೈವ್ ವಾಪಸ್ ಕೊಟ್ಟುಬಿಡಿ. ಬೇರೆ ಎಲ್ಲಾದ್ರೂ ನೋಡ್ಕೋತೀನಿ."

ಸಿದ್ದರಾಜು ಮಷೀನು ಒರೆಸುತ್ತಿದ್ದರು. ವಿಷಯ ಹೇಳಿದೆ. "ನಿನ್ ಕಂಪ್ಯೂಟ್ರು ಪರದೆನೇ ಸರಿಯಿಲ್ಲ. ಅದ್ರಿಂದ್ಲೇ ಎಲ್ಲಾ ಆಗಿದ್ದು" ಎಂದರು, ನನ್ನ ಕಡೆ ತಿರುಗದೆ. ಅವತ್ತು ನನಗೆ ಅಳು ಬರಲಿಲ್ಲ, ನಿದ್ದೆ ಬಂತು. ಊಟ ಮಾಡದೆ ಮಲಗಿಬಿಟ್ಟೆ.

ಮರುದಿನ ಭಾನುವಾರ. ತಿಂಗಳಲ್ಲಿ ಮೊದಲ ಸಲ ಎಂಬಂತೆ ಬಿಸಿಲು ಬಂದಿತ್ತು. ಸಿದ್ದರಾಜು ಹುಣ್ಣಿಮೆಗೆ, ಭಾನುವಾರಕ್ಕೆ ಬುದ್ಧ ವಿಹಾರಕ್ಕೆ ಪ್ರಾರ್ಥನೆಗೆ ಹೋಗುವಾಗ ಬಿಳಿ ಅಂಗಿ ಹಾಕುತ್ತಾರೆ. ಅವನ್ನು ಒಗೆಯುವುದು ಅವರೇ, ಬೇರೆಯವರ ಕೈಯಲ್ಲಿ ಬಿಳಿ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದೆ. ತಂತಿಯ ಮೇಲೆ ಅವರ ಅಂಗಿಗಳು ಒಣಗುತ್ತಿದ್ದವು. ತಿಳಿನೀಲಿ ಅಂಗಿಗಳು. ಇವರ ಹತ್ತಿರ ನೀಲಿ ಅಂಗಿ ಯಾವಾಗ ಬಂತು ಎಂದು ಒಂದು ಕ್ಷಣ ಯೋಚಿಸಿದೆ. ಹತ್ತಿರ ಹೋಗಿ ಕಾಲರು ತಿರುಗಿಸಿದೆ. ಹಳೆಯ ಬಿಳಿ ಅಂಗಿಗಳೇ. ಬಟ್ಟೆಗೆ ಹಾಕುವ ನೀಲಿಯನ್ನು ಒಂದೆರಡು ತೊಟ್ಟು ಹಾಕುವ ಕಡೆ ಸುರಿದುಬಿಟ್ಟಿದ್ದರು. ಬಕೆಟ್ಟಿನ ನೀರು ನೋಡಿದೆ, ಶಾಯಿಯಂತಿತ್ತು.

ಅವರು ಇನ್ನೊಂದು ಬನಿಯನ್ ಹಿಂಡುತ್ತಿದ್ದರು.

"ರೀ, ಈ ಅಂಗಿ ಏನು ಬಣ್ಣ?"

"ಅದೇನ್ ಕೇಳ್ತಿಯೆ? ಬಿಳಿ."

"ಪೂರ್ತಿ ಬಿಳಿನಾ?"

"ಎಲ್ಲಿ ಬಂತು? ಎಷ್ಟ್ ನೀಲಿ ಹಾಕುದ್ರೂ ಆ ಹಳದಿ ಹೋಗ್ತಾನೇ ಇಲ್ಲ. ನೀರೇ ಸರಿಯಿಲ್ಲ."

ನಾನು ಲೋಟ ಕಟ್ಟೆಯ ಮೇಲಿಟ್ಟು, ಶೆಡ್ಡಿಗೆ ಹೋಗಿ ಅಚ್ಚಾದ ಒಂದು ಹಾಳೆ ತಂದೆ. ಅಂಗಿಯ ಪಕ್ಕ ಹಿಡಿದೆ. ಬಿಸಿಲಲ್ಲಿ ಎರಡೂ ಒಂದೇ ತರಹ ಕಂಡವು. ಪಕ್ಕದ ಮನೆಯ ತಂತಿಯಲ್ಲಿ ಒಣಹಾಕಿದ್ದ ಪಂಚೆಯೊಂದಿತ್ತು. ಅವರ ಕೈಹಿಡಿದು ಅದರ ಹತ್ತಿರ ಕರೆದುಕೊಂಡು ಹೋದೆ.

"ಇದು ಬಿಳಿ ಕಣ್ರೀ. ನಿಮ್ಮ ಅಂಗಿ ನೀಲಿಯಾಗಿಹೋಗಿದೆ. ನಿಮಗೆ ಕಾಣ್ತಾ ಇಲ್ಲ."

ಅವರು ಪಂಚೆ ನೋಡಿದರು, ಅಂಗಿ ನೋಡಿದರು. ಎರಡನ್ನೂ ಮುಟ್ಟಿ ನೋಡಿದರು, ಮುಟ್ಟಿದರೆ ಬಣ್ಣ ತಿಳಿಯುತ್ತದೆ ಎಂಬಂತೆ. "ಬುಡು ಅತ್ಲಾಗೆ" ಎಂದು ಒದ್ದೆ ಬನಿಯನ್ ಬಕೆಟ್ಟಿಗೆ ಹಾಕಿ ಒಳಗೆ ಹೋದರು. ವಿಹಾರಕ್ಕೆ ಹೋಗಲಿಲ್ಲ. ಊಟಕ್ಕೆ ಕೂತಾಗ ಅವರೇ ಬಾಯಿಬಿಟ್ಟರು.

"ಎದುರ್ಗಡೆಯಿಂದ ಗಾಡಿ ಬಂದ್ರೆ ಲೈಟಿನ ಸುತ್ತ ಬಳೆಬಳೆ ಕಾಣ್ತದೆ ಕಣೆ. ಹೋದ ವರ್ಷದಿಂದ್ಲೂ. ಅದ್ಕೇ ಬೈಕು ಬಿಟ್ಟಿದ್ದು."

"ಸೊಂಟ ಅಂದ್ರಲ್ಲ."

"ಇನ್ನೇನ್ ಅನ್ಲಿ? ಅಣ್ಣಂಗೆ ಆಪರೇಷನ್ ಮಾಡ್ಸಿದ್ದು, ಕೀವಾಗಿ ಆ ಕಣ್ಣೇ ಹೋಯ್ತು. ನಂಗೂ ಪೊರೆ ಬಂದದೆ ಅಂದ್ರೆ ನೀನು ಎಳ್ಕಂಡ್ ಹೋಗಿ ಮಲಗಿಸ್ತಿದ್ದೆ. ಬಣ್ಣ ಕಂಡ್ರೆ ತಾನೇ ನಾನು ಪ್ರೆಸ್ಸಿನವ್ನು? ಕಣ್ಣು ಹೋದ್ರೆ ಇನ್ನೇನ್ ಉಳೀತು?"

ಅವರ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನಾನು ಸಾರು ಬಡಿಸಿದೆ.

ಸೋಮವಾರ ಮೇಡಂ ಬಂದಾಗ ನಾನು ಪೆನ್‌ಡ್ರೈವನ್ನು ಲಕೋಟೆಯಲ್ಲಿ ಹಾಕಿಟ್ಟಿದ್ದೆ. ಏನಾದರೊಂದು ನೆಪ ಹೇಳಿ ಕಳಿಸಿಬಿಡುವುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಸಿದ್ದರಾಜು ಮಷೀನಿನ ಹಿಂದಿನಿಂದ ಎದ್ದು ಬಂದರು.

"ಮೇಡಂ, ನಿಮ್ ಫೋಟೋ ಸರಿಯಾಗೇ ಇತ್ತು. ಇವ್ಳ ಕಂಪ್ಯೂಟ್ರೂ ಸರಿಯಾಗಿತ್ತು. ನನ್ ಕಣ್ಣೇ ಸರಿಯಿಲ್ಲ, ಎಲ್ಲಾ ಹಳದಿಯಾಗಿ ಕಾಣ್ತದೆ. ಪೊರೆ ಬಂದದೆ. ನೀವು ಬೇರೆ ಕಡೆನೇ ಮಾಡ್ಸಿ. ಒಳ್ಳೆ ಪ್ರೆಸ್ಸು ನಾನೇ ಹೇಳ್ತೀನಿ."

ಮೇಡಂ ಲಕೋಟೆ ಕೈಯಲ್ಲಿ ಹಿಡಿದುಕೊಂಡು ಪೇಪರ್ ಬಂಡಲ್ ಮೇಲೆ ಕೂತರು. ಅವತ್ತು ಅವರೂ ಬಹಳ ಸೋತಂತೆ ಕಾಣುತ್ತಿದ್ದರು. ಹಾಸ್ಟೆಲಿನಲ್ಲಿ ಯಾವುದೋ ಮಗುವಿಗೆ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿ ಕೂತಿದ್ದರಂತೆ. ಲಕೋಟೆಯನ್ನು ನನ್ನ ಕೈಗೇ ವಾಪಸ್ ಇಟ್ಟರು.

"ಬೇರೆ ಕಡೆ ಹೋದ್ರೆ ಮತ್ತೆ ಮೊದಲಿಂದ ಎಲ್ಲಾ ಹೇಳ್ಬೇಕು ಸಿದ್ದರಾಜು ಅವ್ರೇ. ಕ್ಯಾಲೆಂಡರು, ಹುಡುಗಿಯರು, ಮಳೆಗಾಲ, ಎಲ್ಲಾ. ನಂಗೆ ಅಷ್ಟು ತ್ರಾಣ ಇಲ್ಲ. ಇಲ್ಲೇ ಮಾಡೋಣ. ಬಣ್ಣ ನಾವಿಬ್ರು ನೋಡ್ತೀವಿ, ಮಷೀನು ನೀವು ನೋಡ್ಕೊಳ್ಳಿ. ಆಗಲ್ವಾ?"

ಸಿದ್ದರಾಜು ನನ್ನ ಮುಖ ನೋಡಿದರು. ಬೇರೆಯವರು ಹೇಳಿದ ಬಣ್ಣಕ್ಕೆ ಮಷೀನು ತಿರುಗಿಸಿದವರಲ್ಲ ಅವರು. ಮಾಲೀಕರು ಹೇಳಿದರೂ ಕೇಳದೆ ಹಿಂದಿನ ಪ್ರೆಸ್ಸು ಬಿಟ್ಟು ಬಂದವರು. "ಆಗ್ಲಿ ಮೇಡಂ" ಅಂದರು. ಅಷ್ಟು ಹೇಳಿ ಮತ್ತೆ ಮಷೀನಿನ ಹಿಂದೆ ಹೋದರು.

ಪೆನ್‌ಡ್ರೈವಿನಿಂದ ಮೂಲ ಚಿತ್ರಗಳನ್ನು ತೆಗೆದು ಪುಟಗಳನ್ನು ಮತ್ತೆ ಕಟ್ಟಿದೆ. ಮತ್ತೆ ಹೆಬ್ಬಾಳ, ಮತ್ತೆ ಪ್ಲೇಟು, ಮತ್ತೆ ಶಿಫ್ಟಿನ ಬಸ್ಸುಗಳ ಹಿಂದೆ ಸ್ಕೂಟರು. ದಸರಾ ಹತ್ತಿರ ಬಂದು ಊರೆಲ್ಲ ದೀಪದ ತಂತಿ ಎಳೆಯುತ್ತಿದ್ದರು, ಎಲ್ಲಿ ನೋಡಿದರೂ ರಸ್ತೆ ಅಗೆತ. ಪಿತೃಪಕ್ಷದಲ್ಲಿ ಬೇರೆ ಕೆಲಸ ಕಮ್ಮಿ, ಅದೊಂದೇ ಅನುಕೂಲ. ಮೇಡಂ ರಜೆ ಹಾಕಿ ದಿನಾ ಬೆಳಿಗ್ಗೆ ಬರತೊಡಗಿದರು. ಬರುವಾಗ ಡಬ್ಬಿಯಲ್ಲಿ ಚಿತ್ರಾನ್ನವೋ ಉಪ್ಪಿಟ್ಟೋ ಇರುತ್ತಿತ್ತು. ಮೂವರೂ ಮಷೀನಿನ ಪಕ್ಕ ನಿಂತೇ ತಿನ್ನುತ್ತಿದ್ದೆವು.

ಹಾಳೆ ಹೊರಬಂದ ಕೂಡಲೇ ನಾನು, ಮೇಡಂ ಇಬ್ಬರೂ ಅದನ್ನು ಬಾಗಿಲಿಗೆ ಒಯ್ಯುವುದು. ಮೋಡ ಸರಿದರೆ ಒಂದು ಬಣ್ಣ, ಕವಿದರೆ ಇನ್ನೊಂದು. ಬೆಳಕು ನಿಲ್ಲುವವರೆಗೆ ಕಾಯುವುದು. ಆಮೇಲೆ ಒಳಗೆ ಕೂಗಿ ಹೇಳುವುದು.

"ನೀಲಿ ಇಳ್ಸಿ."

"ಎಷ್ಟು?" ಒಳಗಿನಿಂದ ಅವರ ದನಿ.

"ಇನ್ನೂ ಸ್ವಲ್ಪ. ಬಲಗಡೆ ಮಾತ್ರ."

"ಈಗ?"

"ಈಗ ಕೆಂಪು ಎದ್ದಿದೆ ಕಣ್ರೀ."

ಮೊದಲ ದಿನ ಅವರ "ಎಷ್ಟು?" ಎಂಬ ದನಿಗೆ ಹಾಳೆ ಹಿಡಿದಿದ್ದ ನಾನು ತಿರುಗಿ ಒಳಗೆ ನೋಡಿದೆ. ಮದುವೆಯಾದ ಹೊಸದರಲ್ಲಿ ಹಾಗೆ ಕೇಳುತ್ತಿದ್ದವಳು ನಾನು. ಇಂಕಿನ ಒಂದೊಂದು ತಿರುಪನ್ನೂ ಅವರು ನೋಡದೆಯೇ ಬೆರಳಲ್ಲಿ ಹುಡುಕಿ ತಿರುಗಿಸುತ್ತಿದ್ದರು. ಕೈ ಎಂದಿನಂತೆಯೇ ಚುರುಕು. ಹೇಳಿದಷ್ಟು, ಹೇಳಿದ ಕಡೆ. ಮುಖ ಮಾತ್ರ ನಮ್ಮ ಕಡೆ ತಿರುಗುತ್ತಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಒಮ್ಮೆ ತಾಳ್ಮೆ ತಪ್ಪಿ, ಒರೆಸುವ ಬಟ್ಟೆ ಎಸೆದು ಹೊರಗೆ ಹೋಗಿ ಮಳೆಯಲ್ಲೇ ನಿಂತರು. ಮೇಡಂ ನನಗೆ ಹೋಗಬೇಡಿ ಎಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಅವರೇ ಬಂದು, ಕೈ ಒರೆಸಿಕೊಂಡು, "ಊ, ಹೇಳಿ" ಅಂದರು.

ಬಂಡೆಗಳಾಚೆ ಬರೀ ಕಡಲಿರುವ ಒಂದು ಪುಟವಿತ್ತು. ಅದಕ್ಕೆ ಇಡೀ ಒಂದು ಹಗಲು ಹಿಡಿಯಿತು. ಸಂಜೆಯ ಬೆಳಕು ಇನ್ನೇನು ಹೋಗುತ್ತದೆ ಎನ್ನುವಾಗ ಬಂದ ಹಾಳೆಯನ್ನು ಮೇಡಂ ತೋಳುದ್ದ ದೂರ ಹಿಡಿದು ನೋಡಿದರು. ಸಿದ್ದರಾಜು ಮಷೀನು ನಿಲ್ಲಿಸಿ ಬಂದು ಅವರ ಭುಜದ ಹಿಂದೆ ನಿಂತರು.

"ಇದೇನಾ ಮೇಡಂ?"

"ಇದೇ."

"ನಂಗೆ ಬರೀ ಗಂಜಿ ತಿಳಿ ಇದ್ದಂಗೆ ಕಾಣ್ತದೆ. ಕಡ್ಲು ಅಂತ್ಲೂ ಗೊತ್ತಾಗಲ್ಲ." ಕೈಗಂಟಿದ ಇಂಕು ಒರೆಸಿಕೊಳ್ಳುತ್ತ, "ನೀವು ಇದೇ ಅಂದ್ರೆ ಇದೇ. ಓಡ್ಸ್ತೀನಿ" ಅಂದರು.

ಓಡಿಸಿದರು. ಹೊಲಿಗೆ, ಕತ್ತರಿಸುವುದು, ಮುಖಪುಟ ಅಂಟಿಸುವುದು ಮೂವರೂ ಸೇರಿ ನಡುಮನೆಯಲ್ಲಿ ಕೂತು ಮಾಡಿದೆವು. ಮಹಾಲಯ ಅಮಾವಾಸ್ಯೆ ಕಳೆದು ದಸರಾ ಶುರುವಾದ ಬೆಳಿಗ್ಗೆ ಮೇಡಂ ಎರಡು ಕಟ್ಟು ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕುಂದಾಪುರದ ಬಸ್ ಹತ್ತಿದರು, ಅಲ್ಲಿ ಹುಡುಗಿಯರಿಗೆ ರಜ ಶುರುವಾಗಲು ಇನ್ನೂ ಕೆಲವು ದಿನವಿತ್ತು. ಜನ ಎಲ್ಲ ಮೈಸೂರಿಗೆ ಬರುವ ದಿನ, ಅವರು ಹೋಗುವ ಬಸ್ಸು ಅರ್ಧ ಖಾಲಿ ಇತ್ತು. ನಾನು ಮನೆಗೆ ಬಂದು ಹಗಲು ಹೊತ್ತಿನಲ್ಲೇ ಮಲಗಿದೆ. ಜಂಬೂಸವಾರಿಯ ದಿನವೂ ನಾವು ಮನೆ ಬಿಟ್ಟು ಹೊರಬೀಳಲಿಲ್ಲ.

ಮೇಡಂ ಹೋಗಿ ಎರಡು ದಿನಕ್ಕೇ ಫೋನು ಮಾಡಿದ್ದರು. ಹಿಂದೆ ಹುಡುಗಿಯರ ಗಲಾಟೆ. ಒಬ್ಬಳಿಗೆ ತನ್ನ ಮನೆಯ ಹೆಂಚು ಸಿಕ್ಕಿತ್ತಂತೆ. ಇನ್ನೊಬ್ಬಳು ಬಲೆ ಹೆಣೆಯುತ್ತಿದ್ದ ಅಪ್ಪನ ಬೆನ್ನು ಗುರುತು ಹಿಡಿದು, ಆ ಪುಟ ಬಿಟ್ಟು ಬೇರೆ ತಿರುಗಿಸುತ್ತಲೇ ಇಲ್ಲವಂತೆ.

"ಕಡಲು? ಕಡಲ ಬಣ್ಣ ಏನಂದ್ರು?" ಎಂದು ಕೇಳಿದೆ. ಸಿದ್ದರಾಜು ಪಕ್ಕದಲ್ಲೇ ಇದ್ದರು. ಸ್ಪೀಕರ್ ಹಾಕಿದೆ.

ಮೇಡಂ ನಕ್ಕರು. "ನಮ್ಮದೇ ಅಂದ್ರು. ಒಬ್ಬಳು ಮಾತ್ರ, ಇನ್ನೂ ಸ್ವಲ್ಪ ಮಣ್ಣು ಬೇಕಿತ್ತು ಅಂತಾಳೆ."

"ಆ ಹುಡ್ಗಿನ ಪ್ರೆಸ್ಸಿಗೆ ಸೇರ್ಸಿ ಮೇಡಂ" ಅಂದರು ಸಿದ್ದರಾಜು. ಎಷ್ಟೋ ದಿನಗಳ ಮೇಲೆ ಅವರು ತಮಾಷೆ ಮಾಡಿದ್ದು ಅದೇ.

ದೀಪಾವಳಿ ಕಳೆದ ಮೇಲೆ ಆಪರೇಷನ್‌ಗೆ ಒಪ್ಪಿದರು. ಮೊದಲು ಬಲಗಣ್ಣು. ನಾನು ಎಷ್ಟು ಹೆದರಿದ್ದೆ ಅಂದರೆ ಹೊರಗೆ ಬೆಂಚಿನ ಮೇಲೆ ಕೂತು ಗೋಡೆಯ ಮೇಲಿದ್ದ ಫಲಕಗಳನ್ನೆಲ್ಲ ಓದಿ ಓದಿ ಬಾಯಿಪಾಠ ಮಾಡಿದ್ದೆ. ಏನೂ ತೊಂದರೆಯಾಗಲಿಲ್ಲ. ಪಟ್ಟಿ ಬಿಚ್ಚಿ ಕರಿ ಕನ್ನಡಕ ಹಾಕಿ ಕಳಿಸಿದರು. ಕೆಲವು ದಿನದ ಮೇಲೆ ಕನ್ನಡಕ ತೆಗೆದು ಮೊದಲು ನೋಡಿದ್ದು ತಮ್ಮ ಅಂಗಿಗಳನ್ನು. "ಅಯ್ಯೋ, ಇದನ್ನ ಹಾಕ್ಕಂಡು ವಿಹಾರಕ್ಕೆ ಹೋಗ್ತಿದ್ನಾ?" ಎಂದು ನಗಲು ಶುರುಮಾಡಿದವರು ನಡುವೆ ನಿಲ್ಲಿಸಿಬಿಟ್ಟರು.

ಆಮೇಲೆ ಶೆಡ್ಡಿಗೆ ಹೋಗಿ ಕಪಾಟು ತೆಗೆದರು. ನಾವು ಮಾಡಿದ ಕೆಲಸಕ್ಕೆಲ್ಲ ಒಂದೊಂದು ಮಾದರಿ ಅಲ್ಲಿರುತ್ತಿತ್ತು. ಹಿಂದಿನ ಒಂದೆರಡು ವರ್ಷದ್ದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತರು. ಮದುವೆ ಕಾರ್ಡಿನ ಹೆಣ್ಣು ಗಂಡುಗಳ ಮುಖ, ಶಾಲೆಯ ವಾರ್ಷಿಕೋತ್ಸವದ ಮಕ್ಕಳು, ಸೀರೆ ಅಂಗಡಿಯ ಕರಪತ್ರ. ಎಲ್ಲದರ ಮೇಲೂ ಚಳಿ ಹಿಡಿದಂತೆ ನೀಲಿ ಛಾಯೆ. ಒಂದೊಂದನ್ನೇ ಎತ್ತಿ ನೋಡಿ ಕೆಳಗಿಡುತ್ತ ಹೋದರು.

"ಯಾರೂ ಒಂದ್ ಮಾತೂ ಹೇಳ್ಲಿಲ್ವಲ್ಲ ಸುಜಾತಾ. ಇಷ್ಟೂ ಜನ ತಗಂಡ್ ಹೋದ್ರಲ್ಲ."

"ಅವ್ರು ನೋಡ್ಲಿಲ್ಲ ಕಣ್ರೀ. ಹೆಸರು ತಪ್ಪಿಲ್ದಿದ್ರೆ ಸಾಕು ಅವ್ರಿಗೆ."

"ನೀನು?"

ನಾನು ನೆಲದ ಮೇಲೆ ಅವರ ಎದುರಿಗೆ ಕೂತೆ. "ನಂಗೆ ಬಣ್ಣ ಕಲಿಸಿದ್ದು ನೀವು. ನೀವು ಸರಿ ಅಂದ್ಮೇಲೆ ನನ್ನ ಕಣ್ಣೇ ತಪ್ಪು ಅಂದ್ಕೋತಿದ್ದೆ."

ಅವರು ಕಾರ್ಡುಗಳನ್ನು ಒಟ್ಟುಮಾಡಿ ಮತ್ತೆ ಕಪಾಟಿಗಿಟ್ಟರು. ಅಲ್ಲಿಂದ ಇಲ್ಲಿಯವರೆಗೆ, ಹೊಸ ಕಣ್ಣು ಬಂದ ಮೇಲೂ, ಯಾವ ಹಾಳೆಯನ್ನೂ ನನಗೆ ತೋರಿಸದೆ ಓಡಿಸಿದವರಲ್ಲ. ನನಗೆ ಕೆಲಸ ಹೆಚ್ಚಾಯಿತು. ಮಹಡಿಯಿಂದ ಇಳಿದು ಕೆಸರೆಗೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೂಂ ಅನ್ನಬೇಕು.

ಎಡಗಣ್ಣಿನ ಆಪರೇಷನ್‌ಗೆ ಹೋಗಬೇಕಾದ ಬೆಳಿಗ್ಗೆ ನಾನು ಫ್ಲಾಸ್ಕಿಗೆ ಕಾಫಿ ತುಂಬಿ, ಆಸ್ಪತ್ರೆಯ ಚೀಟಿಗಳನ್ನು ಚೀಲಕ್ಕೆ ಹಾಕಿ ಹೊರಗೆ ಬಂದೆ. ಆಟೋ ಹೇಳಿದ್ದೆ, ಇನ್ನೂ ಬಂದಿರಲಿಲ್ಲ. ಸಿದ್ದರಾಜು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಮೊಣಕಾಲ ಮೇಲೆ ಮೇಡಂ ಪುಸ್ತಕದ ಆ ಬರೀ ಕಡಲಿನ ಪುಟ, ಇನ್ನೊಂದರ ಮೇಲೆ ಅದೇ ಚಿತ್ರದ, ನಾವು ಹಾಳುಮಾಡಿ ಬದಿಗಿಟ್ಟಿದ್ದ ನೀಲಿ ಹಾಳೆ. ಎಡಗಣ್ಣು ಮುಚ್ಚಿ ಪುಸ್ತಕವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಲಗಣ್ಣಿಗೆ ಅಂಗೈ ಇಟ್ಟು, ಇನ್ನೂ ಪೊರೆಯಿದ್ದ ಕಣ್ಣಿನಲ್ಲಿ ನೀಲಿ ಹಾಳೆಯ ಮೇಲೆ ಬಗ್ಗಿದರು.

ನಾನು ಪಕ್ಕದಲ್ಲಿ ಕೂತೆ. ಅವರು ಅಂಗೈ ತೆಗೆಯಲಿಲ್ಲ.

"ಈ ಕಣ್ಣಿಗೆ ಇದು ಸರಿಯಾಗೇ ಅದೆ ಕಣೆ" ಅಂದರು. "ಮಣ್ಣು ನೀರು. ಮೇಡಂ ಹೇಳಿದಂಗೇ. ನಾನು ಅದನ್ನೇ ಮಾಡಿದ್ದು."

ತಿರುವಿನಲ್ಲಿ ಆಟೋ ಬಂದು ನಿಂತು ಹಾರ್ನ್ ಹೊಡೆಯಿತು. ಅವರು ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡುತ್ತ ಕೂತಿದ್ದರು. ನಾನು ಅವಸರ ಮಾಡಲಿಲ್ಲ.